ಜ್ಯಾಮಿಂಗ್ ಎಂದರೆ ಮಾಯವಾಗುವುದಲ್ಲ

ರಾತ್ರಿ ಮುಂಬೈಯ ಐರೋಲಿ ಸೇತುವೆಯ ಮೇಲೆ ಎದುರಿನಿಂದ ಹೈಬೀಮ್ ಹಾಕಿಕೊಂಡು ಲಾರಿ ಬಂತೆನ್ನಿ. ಅದರ ಹಿಂದಿನ ಬೈಕು ಕಾಣಿಸದು, ಲಾರಿ ಎಷ್ಟು ದೂರದಲ್ಲಿದೆ ಎಂಬ ಅಂದಾಜೂ ಸಿಗದು. ಆದರೆ ಅಲ್ಲೊಂದು ಗಾಡಿ ಇದೆ ಎಂಬುದು ಮುಲುಂಡ್ ದಡದಿಂದಲೇ ಗೊತ್ತಾಗುತ್ತದೆ. ರೇಡಾರ್ ಜ್ಯಾಮಿಂಗ್ ಎಂದರೆ ಇದೇ. ಅಂತರಿಕ್ಷಯುದ್ಧದ ಆಟ ಆಡಲು ನಮ್ಮ ಮೇಜಿಗೆ ಈಗ ಬರುವ ಹುಡುಗರು ಮಾತ್ರ ಜ್ಯಾಮರ್ ಹಚ್ಚಿದರೆ ನೌಕೆಯೇ ಮಾಯ ಎಂದು ನಂಬಿಕೊಂಡು ಬರುತ್ತಾರೆ. ಆ ತಪ್ಪು ತಿಳಿವಳಿಕೆಗಾಗಿಯೇ ಇಷ್ಟು ಬರೆಯಬೇಕಾಯಿತು.

ಇಂಥ ಹಳೆಯ ಆಟಗಳಾದ 1962ರ ಕಂಪ್ಯೂಟರ್ ಆಟ ‘ಸ್ಪೇಸ್‌ವಾರ್’, 1973ರ ಮೇಜಿನಾಟ ‘ಟ್ರೈಪ್ಲಾನೆಟರಿ’ ಎರಡರಲ್ಲೂ ಚಲನೆಯೇ ಮುಖ್ಯ. ಪತ್ತೆಹಚ್ಚುವುದಕ್ಕೆ ಲೆಕ್ಕ ಕೊಟ್ಟದ್ದು 1977ರ ‘ಟ್ರಾವೆಲರ್’. ಅದರಲ್ಲಿ ವ್ಯಾಪಾರಿ ನೌಕೆಯ ಕಣ್ಣು ಬೆಳಕು ಅರ್ಧ ಸೆಕೆಂಡಿನಲ್ಲಿ ಕ್ರಮಿಸುವಷ್ಟು ದೂರ, ಯುದ್ಧನೌಕೆಯದು ಎರಡು ಸೆಕೆಂಡಿನಷ್ಟು. ಸದ್ದಿಲ್ಲದೆ ತೇಲುವ ನೌಕೆಯನ್ನು ಕಾಣಬೇಕಾದರೆ ಇದರ ಅರ್ಧದಷ್ಟು ಹತ್ತಿರ ಹೋಗಬೇಕು. ನಾವು ಹಿಡಿದದ್ದು ಒಂದು ಮಿಲಿಮೀಟರಿಗೆ ನೂರು ಕಿಲೋಮೀಟರ್ ಅಳತೆ. ಅಂದರೆ ಯುದ್ಧನೌಕೆಯ ನೋಟ ನೆಲದ ಮೇಲೆ ಆರು ಮೀಟರ್. ನಮ್ಮ ಫ್ಲ್ಯಾಟಿನ ಹಾಲ್ ಸಾಲದೆ ಟೇಪನ್ನು ಬಾಗಿಲು ದಾಟಿಸಿ ಪ್ಯಾಸೇಜಿನವರೆಗೂ ಎಳೆದಿದ್ದೇವೆ. ಅಂತರಿಕ್ಷ ಎಷ್ಟು ವಿಶಾಲ ಎಂಬುದು ನನಗೆ ಮೊದಲು ಅರ್ಥವಾದದ್ದು ಆ ಪ್ಯಾಸೇಜಿನಲ್ಲಿ.

ಜ್ಯಾಮಿಂಗನ್ನು ನಿಜವಾಗಿ ಆಟದೊಳಕ್ಕೆ ತಂದದ್ದು 1979ರಲ್ಲಿ ಬಂದ, ಸ್ಟೀಫನ್ ಕೋಲ್ ರೂಪಿಸಿದ ‘ಸ್ಟಾರ್ ಫ್ಲೀಟ್ ಬ್ಯಾಟಲ್ಸ್’. ನನ್ನ ಓರಗೆಯವರು ಪಳಗಿದ್ದು ಇದರಲ್ಲೇ. ಪ್ರತಿ ಸರದಿಯ ಆರಂಭದಲ್ಲಿ ಎಂಜಿನ್ ಕೊಟ್ಟ ಶಕ್ತಿಯನ್ನು ಪೆನ್ಸಿಲ್ ಹಿಡಿದು ಹಂಚಬೇಕು: ವೇಗಕ್ಕಿಷ್ಟು, ಆಯುಧಕ್ಕಿಷ್ಟು, ಜ್ಯಾಮಿಂಗಿಗಿಷ್ಟು, ಎದುರಾಳಿಯ ಜ್ಯಾಮಿಂಗನ್ನು ಸೀಳುವುದಕ್ಕಿಷ್ಟು. ಸೆನ್ಸರ್ ಸರಿಯಿರುವ ಸಾಮಾನ್ಯ ನೌಕೆಗೆ ಕೊನೆಯ ಎರಡೂ ಸೇರಿ ಆರು ಅಂಕ. ನೀವು ಆರನ್ನೂ ಜ್ಯಾಮಿಂಗಿಗೆ ಹಾಕಿದಿರಿ, ಎದುರಾಳಿ ಸೀಳಲು ಎರಡು ಹಾಕಿದ ಎನ್ನೋಣ. ಉಳಿಯಿತು ನಾಲ್ಕು, ಅದರ ವರ್ಗಮೂಲ ಎರಡು; ಅವನ ದಾಳಕ್ಕೆ ಎರಡು ಕೂಡುತ್ತದೆ, ಹೊಡೆತ ಮಂಕಾಗುತ್ತದೆ. ನೀವು ಮಾಯವಾಗಲಿಲ್ಲ, ಅವನ ಗುರಿಯನ್ನು ಕೆಡಿಸಿದಿರಿ, ಅದಕ್ಕೆ ವೇಗದಲ್ಲೋ ಆಯುಧದಲ್ಲೋ ಬೆಲೆ ತೆತ್ತಿರಿ. ಇದಕ್ಕಿಂತ ಪ್ರಾಮಾಣಿಕವಾದ ನಿಯಮವನ್ನು ಆಮೇಲೆ ಯಾರೂ ಬರೆದಿಲ್ಲ ಎಂದೇ ನನ್ನ ಅಭಿಪ್ರಾಯ.

 

ಆದರೂ ಕೋಲ್ ಅವರ ಲೆಕ್ಕದಲ್ಲಿ ಒಂದು ಕೊರತೆ ಉಳಿದಿದೆ. ಬೆಂಗಳೂರಿನ ರಕ್ಷಣಾ ಸಂಶೋಧನಾ ಸಂಸ್ಥೆಗಳಲ್ಲಿ ಎಲ್‌ಆರ್‌ಡಿಇ ರೇಡಾರ್ ರೂಪಿಸುತ್ತದೆ, ಡೇರ್ ಜ್ಯಾಮರ್ ರೂಪಿಸುತ್ತದೆ. ಆ ಕೆಲಸದಲ್ಲಿರುವ ಯಾರಿಗಾದರೂ ಈ ಕೊರತೆ ತಕ್ಷಣ ಕಣ್ಣಿಗೆ ಬೀಳುತ್ತದೆ. ರೇಡಾರ್ ಅಲೆ ಹೋಗಿ ಬರಬೇಕು, ಜ್ಯಾಮರ್ ಅಲೆ ಬಂದರೆ ಸಾಕು. ದೂರ ಅರ್ಧಕ್ಕಿಳಿದರೆ ಪ್ರತಿಧ್ವನಿ 16 ಪಟ್ಟು ಬಲವಾಗುತ್ತದೆ, ಜ್ಯಾಮಿಂಗ್ 4 ಪಟ್ಟು ಮಾತ್ರ. ಇನ್ನೂ ಹತ್ತಿರ ಹೋದಂತೆ ಜ್ಯಾಮಿಂಗ್ ಹರಿದು ನೌಕೆ ಹೊರಬೀಳಲೇಬೇಕು. ಆಟದಲ್ಲಿ ಆ ‘ಎರಡು’ ಹತ್ತಿರಕ್ಕೂ ದೂರಕ್ಕೂ ಒಂದೇ. ಜ್ಯಾಮರ್ ತನ್ನ ದಿಕ್ಕನ್ನು ತಾನೇ ಸಾರುತ್ತದೆ ಎಂಬುದಕ್ಕೂ ಅಲ್ಲಿ ಜಾಗವಿಲ್ಲ, ಕಾಯಿಗಳೆಲ್ಲ ಮೊದಲೇ ಎಲ್ಲರ ಕಣ್ಣೆದುರಿಗಿರುತ್ತವೆ. ಸಮುದ್ರಯುದ್ಧದ ‘ಹಾರ್ಪೂನ್’ 1980ರಲ್ಲೇ ಈ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡಿತ್ತು: ಅಲ್ಲಿ ರೇಡಾರ್ ಹಚ್ಚಿದ ಹಡಗು ತನ್ನನ್ನೇ ಬಿಟ್ಟುಕೊಡುತ್ತದೆ.

ಹಾಗಾಗಿ ನಮ್ಮ ಮೇಜಿನಲ್ಲಿ ಈಗ ಕಾಯಿಗಳನ್ನು ಪರದೆಯ ಹಿಂದೆ ಇಡುತ್ತೇವೆ. ಯಾರಾದರೂ ಜ್ಯಾಮರ್ ಹಚ್ಚಿದರೆ ಆಟದ ತೀರ್ಪುಗಾರ ಎದುರಾಳಿಯ ಪ್ರತಿ ನೌಕೆಯಿಂದಲೂ ಆ ದಿಕ್ಕಿಗೆ ಒಂದೊಂದು ಕೆಂಪು ದಾರ ಎಳೆಯುತ್ತಾನೆ. ಒಂದೇ ದಾರವಾದರೆ ದಿಕ್ಕಷ್ಟೇ ಗೊತ್ತು. ಕಳೆದ ಸಲ ಒಬ್ಬ ಹುಡುಗ ತನ್ನ ಎರಡನೆಯ ನೌಕೆಯನ್ನು ಸುಮ್ಮನೆ ಪಕ್ಕಕ್ಕೆ ಸರಿಸಿದ; ಎರಡು ದಾರ ಒಂದನ್ನೊಂದು ದಾಟಿದ ಕಡೆ ಬೆರಳಿಟ್ಟು, ದಾಳ ಕೈಗೆತ್ತಿಕೊಂಡ.