ಕೊಟ್ಟೂರಿನ ತೇರೂ ಭಾಸ್ಕರನ ಗೋಲವೂ

ಮಾಘ ಬಹುಳ ದಶಮಿಯ ಸುಮಾರಿಗೆ, ಚಂದ್ರನು ಮೂಲಾ ನಕ್ಷತ್ರವನ್ನು ಕೂಡಿದ ದಿನದ ಸಂಜೆ, ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರನ ತೇರು ಹೊರಡುತ್ತದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆಯಿಂದ ಕಾಲ್ನಡಿಗೆಯಲ್ಲಿ ಬರುವ ಭಕ್ತರಿಗೆ ಆ ನಕ್ಷತ್ರದ ಹೆಸರು ಬಾಯಿಪಾಠ. ಆದರೆ ತೇರಿನ ಗಾಲಿ ಉರುಳುವ ಹೊತ್ತಿಗೆ ಅದು ಆಕಾಶದಲ್ಲಿ ಎಲ್ಲಿದೆಯೆಂದು ತಲೆಯೆತ್ತಿ ಹುಡುಕಿದವರು ವಿರಳ. ಹುಡುಕಿದರೂ ಸಿಕ್ಕದು. ಮೂಲಾ ಎಂಬುದು ವೃಶ್ಚಿಕದ ಬಾಲದ ಕೊಂಡಿ. ಆ ದಿನಗಳಲ್ಲಿ ಅದು ರಾತ್ರಿ ಎರಡು ಗಂಟೆಯ ತರುವಾಯ ಮೂಡಿ, ಮಧ್ಯಾಹ್ನದ ಹೊತ್ತಿಗೆ ಮುಳುಗಿಬಿಟ್ಟಿರುತ್ತದೆ. ದಶಮಿಯ ಚಂದ್ರನೂ ಅದರ ಜೊತೆಗಾರ. ಎಂದರೆ, ಯಾವ ನಕ್ಷತ್ರದ ಬಲದಿಂದ ತೇರು ಹೊರಟಿತೋ ಅದು ಆಗ ನಮ್ಮ ದಿಗಂತದ ಕೆಳಗೆ, ಭೂಮಿಯ ಮರೆಯಲ್ಲಿ ಸಂಚರಿಸುತ್ತಿರುತ್ತದೆ. ಪಂಚಾಂಗದವನಿಗೆ ಇದರಿಂದ ಏನೂ ತೊಡಕಿಲ್ಲ. ಅವನ ಲೆಕ್ಕದಲ್ಲಿ ಭೂಮಿ ಗೋಲ.

ಇಷ್ಟು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು. 1980ರ ಫೆಬ್ರವರಿ 16ರಂದು ಸಂಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲಾ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋಯಿತು. ಕೊಟ್ಟೂರಿನ ತೇರು ಮುಗಿದು ಆಗ ವಾರವೂ ಆಗಿರಲಿಲ್ಲ. ಕಾಲೇಜಿನ ರಜೆಗೆ ನಾನು ಊರಿಗೆ ಬಂದಿದ್ದೆ. ಮಧ್ಯಾಹ್ನ ಮೂರೂವರೆಯ ಮೇಲೆ ಹಗಲು ಮುಸ್ಸಂಜೆಯಂತಾಯಿತು. ಹಕ್ಕಿಗಳು ಬೇವಿನ ಮರಕ್ಕೆ ಮರಳಿದವು. ಊರಿಗೆ ಊರೇ ಬಾಗಿಲು ಹಾಕಿಕೊಂಡು ಕುಳಿತಿತ್ತು. ಅಜ್ಜ ಪಂಚಾಂಗವನ್ನು ತೊಡೆಯ ಮೇಲಿಟ್ಟುಕೊಂಡು ಸ್ಪರ್ಶ, ಮಧ್ಯ, ಮೋಕ್ಷಗಳ ವೇಳೆಯನ್ನು ಗಡಿಯಾರದೊಡನೆ ತಾಳೆ ನೋಡುತ್ತಿದ್ದರು. ಎಲ್ಲವೂ ಸರಿಯಾಗಿಯೇ ಬಂದಿತು.

ಅಂದು ರಾತ್ರಿ ಮಾಳಿಗೆಯ ಮೇಲೆ ಮಲಗಿದ್ದಾಗ ನಮ್ಮಿಬ್ಬರಿಗೆ ವಾದ ಬೆಳೆಯಿತು. ಶ್ರಾವಣದಲ್ಲಿ ಪುರಾಣ ಓದಿಸುತ್ತಿದ್ದ ಅಜ್ಜನ ಮತದಲ್ಲಿ ಭೂಮಿ ಹರಿವಾಣದಂತೆ ಸಪಾಟು, ಆದಿಶೇಷನ ಹೆಡೆಯ ಮೇಲೆ ನಿಂತದ್ದು. ನಾನು ಶಾಲೆಯ ಪಾಠ ಒಪ್ಪಿಸಿದೆ. ಅವರು ನಕ್ಕು, "ಗುಂಡಗ ಇದ್ದರ ಕೆರಿ ನೀರು ಯಾಕ ಸೋರಿ ಹೋಗವಲ್ದು ತಮ್ಮಾ? ಆ ಕಡೀ ಮಂದಿ ತೆಳಗ ಯಾಕ ಬೀಳವಲ್ರು?" ಎಂದರು. ಕನ್ನಡ ಓದುತ್ತಿದ್ದ ನಾನು "ಗುರುತ್ವಾಕರ್ಷಣ" ಎಂಬ ಒಂದು ಪದವನ್ನು ಉಚ್ಚರಿಸಿದೆ. ಪದವು ಉತ್ತರವಲ್ಲವೆಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಜ್ಜನ ಪ್ರಶ್ನೆಗಳು ಹೊಸವೇನೂ ಅಲ್ಲ. ಎಂಟುನೂರು ವರ್ಷಗಳಿಗೂ ಹಿಂದೆ ಅವುಗಳನ್ನು ನೇರವಾಗಿ ಎದುರಿಸಿದವನು ಭಾಸ್ಕರಾಚಾರ್ಯ. ತಾನು ಶಕ 1036ರಲ್ಲಿ, ಎಂದರೆ ಕ್ರಿ.ಶ. 1114ರಲ್ಲಿ ಹುಟ್ಟಿದೆನೆಂದೂ ಮೂವತ್ತಾರನೆಯ ವಯಸ್ಸಿನಲ್ಲಿ ಸಿದ್ಧಾಂತ ಶಿರೋಮಣಿಯನ್ನು ರಚಿಸಿದೆನೆಂದೂ ಆತನೇ ಹೇಳಿಕೊಂಡಿದ್ದಾನೆ. ಅವನ ಊರಾದ ವಿಜ್ಜಡವಿಡವನ್ನು ನಮ್ಮವರು ವಿಜಯಪುರವೆನ್ನುತ್ತಾರೆ, ಮರಾಠಿಗರು ಖಾನದೇಶದ ಪಾಟಣದ ಕಡೆಗೆ ಒಯ್ಯುತ್ತಾರೆ. ಆ ಜಗಳ ಇಂದಿಗೆ ಬೇಡ. ಆ ಗ್ರಂಥದ ಗೋಲಾಧ್ಯಾಯವನ್ನು ಓದುವವರಿಗೆ ಒಬ್ಬ ಚತುರ ವಾದಿಯ ದನಿ ಕೇಳಿಸುತ್ತದೆ. ಭೂಮಿಗೆ ಆಧಾರ ಬೇಕೆಂದರೆ ಆ ಆಧಾರಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು ಬೇಕು; ಕೊನೆಯದು ತನ್ನ ಶಕ್ತಿಯಿಂದಲೇ ನಿಲ್ಲುವುದಾದರೆ ಆ ಶಕ್ತಿಯನ್ನು ಮೊದಲನೆಯದಾದ ಭೂಮಿಗೇ ಏಕೆ ಕೊಡಬಾರದು? ಭೂಮಿಯಲ್ಲಿ ಸೆಳೆಯುವ ಶಕ್ತಿಯಿದೆ. ಆಕಾಶದಲ್ಲಿರುವ ಭಾರವಾದ ವಸ್ತುವನ್ನು ಅದು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಅದನ್ನೇ ನಾವು ಬೀಳುವುದೆನ್ನುತ್ತೇವೆ. ಸುತ್ತಲೂ ಆಕಾಶ ಸಮವಾಗಿರುವಾಗ ಭೂಮಿ ಬೀಳುವುದಾದರೂ ಎಲ್ಲಿಗೆ? ಆ ಬದಿಯವರು ನೀರಿನ ದಂಡೆಯಲ್ಲಿ ನಿಂತವನ ಪ್ರತಿಬಿಂಬದಂತೆ ನಮಗೆ ತಲೆಕೆಳಗು. ಆದರೂ ನಾವು ಇಲ್ಲಿರುವಷ್ಟೇ ನೆಮ್ಮದಿಯಾಗಿ ಅವರು ಅಲ್ಲಿದ್ದಾರೆ. ಕೆರೆಯ ನೀರಿಗೂ ಅದೇ ಉತ್ತರ. ಇನ್ನು, ಕಣ್ಣಿಗೆ ಸಪಾಟಾಗಿ ಕಾಣುವುದೇಕೆ? ವೃತ್ತದ ಪರಿಧಿಯ ನೂರನೆಯ ಒಂದು ಭಾಗ ನೇರವಾಗಿಯೇ ಕಾಣುತ್ತದೆ. ಭೂಮಿ ಅಷ್ಟು ದೊಡ್ಡದು, ಅದರ ಮೇಲಿನ ಮನುಷ್ಯ ಅಷ್ಟು ಚಿಕ್ಕವನು.

ಭಾಸ್ಕರನ ಎದುರಾಳಿಗಳು ಪೌರಾಣಿಕರಷ್ಟೇ ಆಗಿರಲಿಲ್ಲ. ಭೂಮಿ ನಿರಂತರವಾಗಿ ಕೆಳಕ್ಕೆ ಬೀಳುತ್ತಿದೆಯೆಂದ ಬೌದ್ಧರನ್ನು, ಎರಡು ಸೂರ್ಯ ಎರಡು ಚಂದ್ರರನ್ನು ಹೇಳಿದ ಜೈನರನ್ನು ಅವನು ಹೆಸರಿಸಿಯೇ ಖಂಡಿಸುತ್ತಾನೆ. ಇಲ್ಲಿ ನಮ್ಮ ಸೀಮೆಯ ನೆನಪಾಗುತ್ತದೆ. ಹಗರಿಬೊಮ್ಮನಹಳ್ಳಿಯ ಬಳಿಯ ಕೋಗಳಿ ಒಂದು ಕಾಲಕ್ಕೆ ದೊಡ್ಡ ಜೈನಕೇಂದ್ರ. ಅಲ್ಲಿಯ ಬಸದಿಯನ್ನು ಗಂಗರ ದುರ್ವಿನೀತ ಕಟ್ಟಿಸಿದನೆಂದು 1055ರ ಶಾಸನ ಹೇಳುತ್ತದೆ. ಜೈನಾಗಮದ ಜಂಬೂದ್ವೀಪ ಮೇರುವನ್ನು ನಡುವಿಟ್ಟುಕೊಂಡ ಸಪಾಟು ಬಿಲ್ಲೆ; ಅದರ ಮೇಲೆ ಇಬ್ಬರು ಸೂರ್ಯರು ಸರದಿಯಂತೆ ಸುತ್ತುತ್ತಾರೆ. ಇದನ್ನು ಬರಿಯ ಕಟ್ಟುಕತೆಯೆಂದು ತಳ್ಳಿಹಾಕುವುದು ಅನ್ಯಾಯ. ಅದರ ಹಿಂದೆ ಬಹು ಸೂಕ್ಷ್ಮವಾದ ಗಣಿತವಿದೆ. ಆದರೆ ಭಾಸ್ಕರನ ಮರುಪ್ರಶ್ನೆ ಕಣ್ಣಿಗೆ ಸಂಬಂಧಿಸಿದ್ದು: ಧ್ರುವಮತ್ಸ್ಯವೆಂಬ ತಾರಾಗುಂಪು ಒಂದು ಹಗಲಿರುಳಿನಲ್ಲಿ ಪೂರ್ತಿ ಒಂದು ಸುತ್ತು ತಿರುಗುವುದನ್ನು ನೀವು ನೋಡಿಲ್ಲವೆ?

ಇಲ್ಲೊಂದು ಎಚ್ಚರಿಕೆ ಬೇಕು. ನ್ಯೂಟನ್ನನಿಗಿಂತ ಮೊದಲೇ ನಮ್ಮವರು ಎಲ್ಲವನ್ನೂ ಕಂಡುಹಿಡಿದಿದ್ದರೆಂದು ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುವವರಿದ್ದಾರೆ. ಭಾಸ್ಕರ ಸೆಳೆತವನ್ನು ಹೇಳಿದ; ಅದು ದೂರಕ್ಕೆ ತಕ್ಕಂತೆ ಎಷ್ಟು ಕುಗ್ಗುತ್ತದೆಂದು ಹೇಳಲಿಲ್ಲ. ಬೀಳುವ ಹಣ್ಣಿಗೂ ಸುತ್ತುವ ಚಂದ್ರನಿಗೂ ಒಂದೇ ನಿಯಮವೆಂದು ಗಣಿತದಿಂದ ತೋರಿಸಿದ್ದು 1687ರ ನ್ಯೂಟನ್ನನ ಗ್ರಂಥ. 499ರಲ್ಲಿ ಆರ್ಯಭಟ ತಿರುಗಿಸಿದ್ದ ಭೂಮಿಯನ್ನು ಭಾಸ್ಕರ ಮತ್ತೆ ಅಚಲವಾಗಿಸಿದ್ದೂ ನಿಜ. ಹಾಗೆಂದು ನಮ್ಮ ಹಿರಿಯರೆಲ್ಲ ಸಪಾಟು ಭೂಮಿಯವರೆಂಬ ಮಾತೂ ಅಷ್ಟೇ ಪೊಳ್ಳು. ನಿಜವಾದ ಸಂಗತಿ ಇವೆರಡಕ್ಕಿಂತ ಸ್ವಾರಸ್ಯವಾದದ್ದು: ಒಂದೇ ಮನೆಯ ಗೂಡಿನಲ್ಲಿ ಸಪಾಟು ಭೂಮಿಯ ಪುರಾಣವೂ ಗುಂಡು ಭೂಮಿಯ ಪಂಚಾಂಗವೂ ಜಗಳವಾಡದೆ ಇದ್ದವು. ಅಜ್ಜ ತಾಳೆ ನೋಡಿದ ಆ ಗ್ರಹಣದ ವೇಳೆಯನ್ನೇ ತೆಗೆದುಕೊಳ್ಳಿ. ಸೂರ್ಯಗ್ರಹಣ ಗಣಿಸಲು ಲಂಬನವೆಂಬ ಸಂಸ್ಕಾರ ಬೇಕು. ಲಂಬನಕ್ಕೆ ಭೂಗೋಲದ ವ್ಯಾಸ ಬೇಕು. ಹರಿವಾಣಕ್ಕೆ ಆ ಲೆಕ್ಕ ಕೂಡುವುದಿಲ್ಲ.

ಈ ಎರಡನ್ನೂ ಎದುರುಬದುರಾಗಿ ಕೂರಿಸುವ ಪ್ರಯತ್ನ 1830ರ ದಶಕದಲ್ಲಿ ಮಾಳವದ ಸೀಹೋರಿನಲ್ಲಿ ನಡೆಯಿತು. ಅಲ್ಲಿದ್ದ ವಿಲ್ಕಿನ್‌ಸನ್ ಎಂಬ ಅಧಿಕಾರಿ ಪೌರಾಣಿಕ ಭೂಗೋಲವನ್ನು ಅಲುಗಾಡಿಸಲು ಯುರೋಪಿನ ಪುಸ್ತಕಗಳಿಗಿಂತ ಭಾಸ್ಕರನನ್ನೇ ನೆಚ್ಚಿಕೊಂಡ. ಸುಬಾಜಿ ಬಾಪು ಎಂಬ ಪಂಡಿತ ಅವನಿಗೆ ಹೆಗಲುಕೊಟ್ಟ. ವಿಲ್ಕಿನ್‌ಸನ್ ಮಾಡಿದ ಗೋಲಾಧ್ಯಾಯದ ಇಂಗ್ಲಿಷ್ ಅನುವಾದ, ಬಾಪುದೇವ ಶಾಸ್ತ್ರಿಗಳು ತಿದ್ದಿದ ಮೇಲೆ, 1861ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು. ಎಂ.ಎ. ಮುಗಿಸಿ ಎಷ್ಟೋ ವರ್ಷಗಳ ಮೇಲೆ ನಾನು ಭಾಸ್ಕರನನ್ನು ಓದಿದ್ದು ಅದರಲ್ಲಿಯೇ. ಅಷ್ಟರಲ್ಲಿ ಅಜ್ಜ ಇರಲಿಲ್ಲ.

ಈಚೆಗೆ ಮೊಬೈಲಿನಲ್ಲಿ ಸಪಾಟು ಭೂಮಿಯ ಚಿತ್ರ ತೋರಿಸಿ ಮೊಮ್ಮಗನೊಬ್ಬ ನನ್ನನ್ನು ಕೆಣಕಿದ. ಅವನಿಗೆ ಪುಸ್ತಕ ತೆರೆಯಲಿಲ್ಲ. ತೇರಿನ ರಾತ್ರಿ ಎಂಟೂವರೆಯ ಹೊತ್ತಿಗೆ ಕೊಟ್ಟೂರಿನ ಹೊರಗೆ ಕರೆದೊಯ್ದೆ. ದಕ್ಷಿಣದಲ್ಲಿ ಅಗಸ್ತ್ಯ ನಕ್ಷತ್ರ ದಿಗಂತದಿಂದ ಎರಡು ಮುಷ್ಟಿಗೂ ಮೇಲೆ ಬೆಳಗುತ್ತಿತ್ತು. ಮುಷ್ಟಿಯೆಂದರೆ ಚಾಚಿದ ಕೈಯ ಮುಷ್ಟಿ, ಸುಮಾರು ಹತ್ತು ಡಿಗ್ರಿ. ಉತ್ತರದಲ್ಲಿ ಧ್ರುವ ಒಂದೂವರೆ ಮುಷ್ಟಿಯಷ್ಟು ಎತ್ತರ. ಕಾಶಿಯಲ್ಲಿ ನಿಂತು ನೋಡಿದರೆ ಧ್ರುವ ಎರಡೂವರೆ ಮುಷ್ಟಿಗೆ ಏರಿರುತ್ತದೆ. ಅಗಸ್ತ್ಯ ಒಂದು ಮುಷ್ಟಿಯ ಆಸುಪಾಸಿಗೆ ಇಳಿದಿರುತ್ತದೆ. ಒಂದು ಏರಿದಷ್ಟೇ ಇನ್ನೊಂದು ಇಳಿಯಬೇಕಾದರೆ ನಡೆಯುವವನ ಕಾಲ ಕೆಳಗಿನ ನೆಲ ಬಾಗಿರಬೇಕು.

ಹೇಳುತ್ತಿದ್ದಂತೆ ನನಗೆ ಅಜ್ಜನ ಕಾಶಿಯಾತ್ರೆಯ ಮಾತು ನೆನಪಾಯಿತು. "ಕಾಶಿಯೊಳಗ ಧ್ರುವ ನಮ್ಮೂರಿಗಿಂತ ಎತ್ತರಕ್ಕ ಕಾಣತಾನ ತಮ್ಮಾ, ಅದು ಮೇರುವಿಗೆ ಹತ್ತಿರದ ಊರು, ಅದಕ್ಕ" ಎಂದು ಅವರು ಎಷ್ಟೋ ಸಲ ಹೇಳಿದ್ದರು. ನಾವು ಹುಡುಗರು ಮುಸಿಮುಸಿ ನಗುತ್ತಿದ್ದೆವು. ಗೋಲಾಧ್ಯಾಯದಲ್ಲಿ ಮೇರುವೆಂದರೆ ಭೂಗೋಲದ ಉತ್ತರ ತುದಿ. ಅಲ್ಲಿ ನಿಂತವನಿಗೆ ಧ್ರುವ ನೆತ್ತಿಯ ಮೇಲೆ.