ಮಹಾಡ್: ಇಟ್ಟ ಹೆಜ್ಜೆ, ತಡೆದ ಹೆಜ್ಜೆ



ಪ್ರತಿ ವರ್ಷ ಮಾರ್ಚ್ 20 ಬಂದ್ರೆ ಬಾಬಾಸಾಹೇಬರು ಬೊಗಸೆಯಲ್ಲಿ ಕೆರೆ ನೀರು ಎತ್ತಿಕೊಂಡಿರೋ ಚಿತ್ರ ನಮ್ಮೆಲ್ಲರ ವಾಲ್‌ಗಳಲ್ಲೂ ಕಾಣುತ್ತೆ. ಕಾಣಲಿ. ಆದ್ರೆ ನಾಯಕತ್ವ ಅಂದ್ರೇನು ಅಂತ ಯುವಕರು ಕೇಳಿದಾಗ ನಾನು ಅದೇ 1927ರ ಡಿಸೆಂಬರ್ ಕಥೆ ಹೇಳ್ತೀನಿ. ಆಗ ಅವರು ಕೆರೆಗೆ ಇಳಿಯಲಿಲ್ಲ.

ಮೊದಲು ಮಾರ್ಚ್ ನೋಡೋಣ. ಸಾರ್ವಜನಿಕ ಕೆರೆ-ಬಾವಿಗಳು ಅಸ್ಪೃಶ್ಯರಿಗೂ ಮುಕ್ತವಾಗಬೇಕು ಅನ್ನೋ ಎಸ್.ಕೆ. ಬೋಲೆಯವರ ನಿರ್ಣಯಕ್ಕೆ ಬಾಂಬೆ ಶಾಸನಸಭೆ 1923ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಮರುವರ್ಷ ಮಹಾಡ್ ಪುರಸಭೆ ಚವದಾರ್ ಕೆರೆಯನ್ನ ಮುಕ್ತ ಅಂತ ಸಾರಿತು. ಹಕ್ಕು ಕಾಗದದಲ್ಲಿತ್ತು, ನೀರು ಸಿಕ್ಕಿರಲಿಲ್ಲ. ಮಾರ್ಚ್ 20ರಂದು ಸಾವಿರಾರು ಜನ ಬಾಬಾಸಾಹೇಬರ ಜೊತೆ ನಡೆದು ಹೋಗಿ ಆ ನೀರು ಕುಡಿದರು.

ಆಮೇಲೆ, ಇವರು ವೀರೇಶ್ವರ ದೇವಸ್ಥಾನಕ್ಕೂ ನುಗ್ತಾರೆ ಅನ್ನೋ ಸುಳ್ಳು ಸುದ್ದಿ ಹಬ್ಬಿಸಿ ಸವರ್ಣೀಯರು ನಮ್ಮವರ ಮೇಲೆ ದೊಣ್ಣೆ ಬೀಸಿದರು. ತಿರುಗಿ ಹೊಡೆಯೋಕೆ ತಯಾರಿದ್ದವರನ್ನ ಬಾಬಾಸಾಹೇಬರು ತಡೆದರು. ಅವತ್ತು ಬಡಿದಾಟ ಆಗಿದ್ದಿದ್ರೆ ನೀರಿನ ಹಕ್ಕಿನ ಮಾತು ಮರೆತು ಎಲ್ಲರೂ ಗಲಭೆ ಬಗ್ಗೆ ಮಾತಾಡ್ತಿದ್ರು. ಮುಂದೆ ಕೋರ್ಟಿನಲ್ಲಿ ಶಿಕ್ಷೆ ಆಗಿದ್ದು ದಾಳಿ ಮಾಡಿದವರಿಗೆ.

ಆಗಸ್ಟ್‌ನಲ್ಲಿ ಪುರಸಭೆ ತನ್ನ ನಿರ್ಣಯ ವಾಪಸ್ ತಗೊಂಡಿತು. ಡಿಸೆಂಬರ್‌ನಲ್ಲಿ ಮತ್ತೆ ಸತ್ಯಾಗ್ರಹ ಅಂತ ತೀರ್ಮಾನ ಆಯ್ತು. ಕೆರೆ ನಮ್ಮ ಖಾಸಗಿ ಆಸ್ತಿ ಅಂತ ಸವರ್ಣೀಯರು ಕೋರ್ಟಿಗೆ ಹೋಗಿ ಡಿಸೆಂಬರ್ 14ಕ್ಕೆ ತಾತ್ಕಾಲಿಕ ತಡೆಯಾಜ್ಞೆ ತಂದರು.

ಡಿಸೆಂಬರ್ 25ರಂದು ಮನುಸ್ಮೃತಿ ಸುಟ್ಟರು. ಜೈಲಿಗೂ ಸಿದ್ಧ ಅಂತ ಸಾವಿರಾರು ಜನ ಹೆಸರು ಬರೆಸಿದ್ದರು. ಇಳಿಯಿರಿ ಅಂದಿದ್ರೆ ಸಾಕಿತ್ತು. ಆದರೆ ಎದುರಿಗೆ ಸವರ್ಣೀಯರು ನಿಂತಿರುವಾಗ ಸರ್ಕಾರವನ್ನೂ ಎದುರು ಹಾಕಿಕೊಂಡರೆ ಪೆಟ್ಟು ಬೀಳೋದು ಯಾರಿಗೆ? ಕೋರ್ಟ್ ತೀರ್ಪಿನ ತನಕ ಸತ್ಯಾಗ್ರಹ ಮುಂದೂಡೋಣ ಅನ್ನೋ ನಿರ್ಣಯವನ್ನ ಬಾಬಾಸಾಹೇಬರೇ ಸಭೆ ಮುಂದಿಟ್ಟರು. ಗುಟ್ಟಾಗಿ ಒಪ್ಪಂದ ಮಾಡಿಕೊಳ್ಳಲಿಲ್ಲ. ಕಾರಣ ಹೇಳಿದರು, ಜನರ ಒಪ್ಪಿಗೆ ಪಡೆದರು. ಆಮೇಲೆ ಜನ ಸಾಲಾಗಿ ಕೆರೆ ಸುತ್ತ ಮೆರವಣಿಗೆ ಹೋಗಿ ಬಂದರು, ನೀರು ಮುಟ್ಟಲಿಲ್ಲ.

ಇದನ್ನ ಹಿಂಜರಿಕೆ ಅನ್ನೋರು ಮುಂದಿನ ಹತ್ತು ವರ್ಷ ನೋಡಬೇಕು. ಆ ದಾವೆಯನ್ನ ಅವರು ಬಿಡಲಿಲ್ಲ. 1937ರ ಮಾರ್ಚ್ 17ರಂದು ಬಾಂಬೆ ಹೈಕೋರ್ಟ್‌ನಲ್ಲಿ ಗೆದ್ದರು. ನೀರು ಕುಡಿದ ದಿನಕ್ಕೆ ಹತ್ತು ವರ್ಷ ತುಂಬೋಕೆ ಮೂರೇ ದಿನ ಬಾಕಿ ಇತ್ತು.

ಇವತ್ತು ಹೋರಾಟಕ್ಕೆ ಕರೆ ಕೊಡೋಕೆ ಒಂದು ಪೋಸ್ಟ್ ಸಾಕು. ಎಫ್‌ಐಆರ್ ಬೀಳೋದು ಹಳ್ಳಿಯ ಕೂಲಿ ಹುಡುಗರ ಮೇಲೆ. ಜಾಮೀನಿಗೆ ಅವರ ಅವ್ವ ಓಡಾಡುವಾಗ ಕರೆ ಕೊಟ್ಟವರ ಫೋನ್ ಸ್ವಿಚ್ ಆಫ್ ಆಗಿರೋದನ್ನ ನಾನು ಕಂಡಿದ್ದೀನಿ. ಅದಕ್ಕೇ ಕಾರ್ಯಕರ್ತರನ್ನ ಕೇಳ್ಕೊಳ್ಳೋದು ಇಷ್ಟೇ: ಮುಂದಿನ ಸಲ ಕರೆ ಕೊಡುವ ಮುಂಚೆ ಬೇಡಿಕೆ ಏನು, ಕಾನೂನಿನಲ್ಲಿ ನಮ್ಮ ಹಿಡಿತ ಎಲ್ಲಿದೆ, ಕೇಸು ಬಿದ್ರೆ ವಕೀಲರು ಯಾರು ಅಂತ ಜನರ ಮುಂದೆ ಹೇಳಿ. ಕೇಸು ಮುಗಿಯೋ ತನಕ ಆ ಹುಡುಗರ ಜೊತೆಗಿರಿ.

ಜೈಭೀಮ್.