ಬೊಂಬಾಯಿ ಎಷ್ಟು ದೂರ?

ನಕಾಶೆಯ ಮೇಲೆ ನೇರ ಗೆರೆ ಎಳೆದರೆ ಮಂಗಳೂರಿನಿಂದ ಮುಂಬಯಿಗೆ ಸುಮಾರು 715 ಕಿಲೋಮೀಟರ್. ವಿಮಾನಕ್ಕೆ ಒಂದೂವರೆ ಗಂಟೆಯ ದಾರಿ. ಆದರೆ ನಮ್ಮ ಕರಾವಳಿಯ ಹಿರಿಯರು ಬೊಂಬಾಯಿಯ ದೂರವನ್ನು ಕಿಲೋಮೀಟರಿನಲ್ಲಿ ಹೇಳಿದ್ದನ್ನು ನಾನು ಕೇಳಿದ್ದಿಲ್ಲ. ಅವರದು ರಾತ್ರಿಗಳ ಲೆಕ್ಕ. ಆ ಲೆಕ್ಕ ಬದಲಾದ ಬಗೆಯಲ್ಲಿ ಈ ಸೀಮೆಯ ಒಂದು ಶತಮಾನದ ಚರಿತ್ರೆಯಿದೆ.

ಮೊದಲಿಗೆ ಇದ್ದದ್ದು ಕಡಲ ದಾರಿ. ಮಳೆಗಾಲದಲ್ಲಿ ಅದೂ ಇಲ್ಲ. 1907ರಲ್ಲಿ ಮಂಗಳೂರಿಗೆ ರೈಲು ಬಂತು, ಆದರೆ ಬಂದದ್ದು ತೆಂಕಣ ಮಲಬಾರಿನಿಂದ. ಹಾಗಾಗಿ ಬಡಗಣ ಮುಂಬಯಿಗೆ ಹೊರಟವರು ಮೊದಲು ತೆಂಕಕ್ಕೆ ಹೋಗಬೇಕಿತ್ತು. ಕಣ್ಣೂರು, ಕೋಝಿಕೋಡ್, ಶೊರನೂರು ದಾಟಿ, ಅಲ್ಲಿಂದ ಮೂಡಕ್ಕೆ ತಿರುಗಿ, ತಮಿಳು ಮತ್ತು ತೆಲುಗು ನಾಡುಗಳನ್ನು ಹಾದು ಮೇಲಕ್ಕೆ ಏರಬೇಕು. ಈ ಸುತ್ತಿನ ಉದ್ದ 2,041 ಕಿಲೋಮೀಟರ್, 41 ಗಂಟೆಯ ಪಯಣ.

ಹೀಗೆ ಹೋದವರಲ್ಲಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿದ ಹುಡುಗರು ಎಷ್ಟೋ ಮಂದಿ. ಊರಿನಲ್ಲಿ ಅಪ್ಪನೋ ಅಮ್ಮನೋ ತೀರಿಕೊಂಡರೆ ತಂತಿ ಹೋಗುತ್ತಿತ್ತು. ಆದರೆ ಹೆಣ 41 ಗಂಟೆ ಕಾಯುವುದಿಲ್ಲ. ಮಗ ಬೊಜ್ಜಕ್ಕೆ ಬಂದು ಮುಟ್ಟಿದರೆ ಅದೇ ದೊಡ್ಡದು.

1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಬಜ್ಪೆಗೆ ಬಂದಿಳಿದರು, ವಿಮಾನ ನಿಲ್ದಾಣ ಶುರುವಾಯಿತು. ಅಂದಿನಿಂದ ಇವೇ ಎರಡು ಊರುಗಳ ನಡುವೆ ಎರಡು ದೂರಗಳು ಹುಟ್ಟಿಕೊಂಡವು: ಟಿಕೇಟು ಕೊಳ್ಳಬಲ್ಲವರಿಗೆ ಒಂದು, ಮಿಕ್ಕವರಿಗೆ ಇನ್ನೊಂದು. ಹೋಟೆಲಿನ ಹುಡುಗ ಯಾವ ಸಾಲಿನವನೆಂದು ಹೇಳಬೇಕಿಲ್ಲ. ಮುಂದೆ ಬಸ್ಸುಗಳು ಬಂದವು, ಒಂದು ಹಗಲು ಒಂದು ರಾತ್ರಿ ಕುಳಿತೇ ಸಾಗುವ ದಾರಿ.

ಕೆಲಸ ಹುಡುಕಿ 1949ರಲ್ಲಿ ಮುಂಬಯಿಗೆ ಹೋದವರಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಒಬ್ಬರು. ಮುಂದೆ ಅವರು ರೈಲ್ವೆ ಮಂತ್ರಿಯಾಗಿದ್ದಾಗಲೇ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಇ. ಶ್ರೀಧರನ್ ಅದರ ನೇತೃತ್ವ ವಹಿಸಿದರು. ರೋಹಾದಿಂದ ತೋಕೂರಿನವರೆಗೆ 741 ಕಿಲೋಮೀಟರ್ ಹಳಿ, ಕರ್ಬುಡೆಯಲ್ಲಿ ಆರೂವರೆ ಕಿಲೋಮೀಟರ್ ಸುರಂಗ, ಹೊನ್ನಾವರದಲ್ಲಿ ಶರಾವತಿಗೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. 1998ರ ಜನವರಿ 26ರಂದು ಇಡೀ ಮಾರ್ಗದಲ್ಲಿ ರೈಲು ಸಂಚಾರ ಶುರುವಾಯಿತು.

ಮಂಗಳೂರು–ಮುಂಬಯಿ ರೈಲು ದಾರಿ 914 ಕಿಲೋಮೀಟರಿಗೆ ಇಳಿಯಿತು. ನಿಗಮ ಹೇಳಿದ ಪಯಣದ ಅವಧಿ 15 ಗಂಟೆ. ಇಲ್ಲೊಂದು ಕುತೂಹಲದ ಲೆಕ್ಕವಿದೆ. ಹಳೆಯ ರೈಲಿನ ಸರಾಸರಿ ವೇಗ ಗಂಟೆಗೆ 50 ಕಿಲೋಮೀಟರ್, ಹೊಸದರದ್ದು 61. ಉಳಿದ 26 ಗಂಟೆಗಳಲ್ಲಿ 22ಕ್ಕೂ ಹೆಚ್ಚು ಗಂಟೆ ಉಳಿದದ್ದು ಸುತ್ತು ತಪ್ಪಿದ್ದರಿಂದ. ಅಂದರೆ ಇಷ್ಟು ಕಾಲ ನಮ್ಮವರನ್ನು ತಡೆದದ್ದು ರೈಲಿನ ನಿಧಾನಗತಿಗಿಂತ ಹೆಚ್ಚಾಗಿ ಹಳಿಯೇ ಇಲ್ಲದ ಕರಾವಳಿ.

ಗಲ್ಫಿಗೆ ಹೋಗುವವರ ಕತೆಯೂ ಇಂಥದೇ. 2006ರಲ್ಲಿ ಬಜ್ಪೆಯಿಂದ ನೇರ ದುಬೈ ವಿಮಾನ ಶುರುವಾಗುವವರೆಗೆ ಪಡುವಣ ಕಡಲಿನಾಚೆಗೆ ಹೋಗಲು ಎಷ್ಟೋ ಮಂದಿ ಮೊದಲು ಮುಂಬಯಿಯ ಬಸ್ಸು ಹತ್ತುತ್ತಿದ್ದರು. ಈಗ ಸುಮಾರು 2,450 ಕಿಲೋಮೀಟರ್ ದೂರದ ದುಬೈಗೆ ಮೂರೂವರೆ–ನಾಲ್ಕು ಗಂಟೆ ಸಾಕು. ದಾರಿಯ ಗಂಟೆಗಳು ಇಳಿದಿವೆ. ಆದರೆ ಸಾವಿನ ಸುದ್ದಿ ಮುಟ್ಟಿದ ಮಗ ಇವತ್ತಿಗೂ ಮೊದಲು ಕೇಳಬೇಕಾದದ್ದು ರಜೆ, ಆಮೇಲೆ ನೋಡಬೇಕಾದದ್ದು ಟಿಕೇಟಿನ ದರ.